ಐದು ವಾಟಿನ ಫ್ಯಾನು

ಅಂಗಡಿಯಲ್ಲಿ ತಿರುಗುತ್ತಿದ್ದ ಫ್ಯಾನುಗಳನ್ನೆಲ್ಲ ಒಂದು ಗಳಿಗೆ ಬಂದ್ ಮಾಡಿಸಿ, ಗಿರಾಕಿ ತನ್ನ ಕೈಯಲ್ಲಿದ್ದ ಪುಟ್ಟ ಬ್ಯಾಟರಿ ಫ್ಯಾನಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಾಗಲೇ ಮಹಾರುದ್ರಪ್ಪನಿಗೆ ಸಂಶಯ ಬಂತು. ಹುಮನಾಬಾದಿನಲ್ಲಿ ಇಪ್ಪತ್ತು ವರ್ಷಗಳಿಂದ ಕರೆಂಟಿನ ಸಾಮಾನು ಮಾರುತ್ತಿದ್ದವನು ಅವನು. ಫ್ಯಾನಿಗೆ ಮುಖ ಒಡ್ಡಿ ನೋಡುವ ಗಿರಾಕಿಗಳನ್ನು ಕಂಡಿದ್ದ, ಕಿವಿ ಒಡ್ಡುವವನನ್ನು ಕಂಡಿರಲಿಲ್ಲ.

"ಆವಾಜ್ ಇಲ್ಲ. ಭಾಳ ಛಲೋ ಅದ," ಅಂದ ಗಿರಾಕಿ. ಮೂವತ್ತರ ಆಸುಪಾಸಿನವನು, ಬಿಸಿಲಿಗೆ ಸುಟ್ಟ ಮುಖ. ಹೆಸರು ಗುಲಾಮ್ ರಸೂಲ್, ಊರು ಬಸವಕಲ್ಯಾಣ ಎಂದು ಬಂದ ಕೂಡಲೇ ಹೇಳಿಕೊಂಡಿದ್ದ. "ಇಂಥವು ಎರಡು ಕೊಡ್ರಿ, ಸಾವ್ಕಾರ್ರ. ಬೋಟಿಗೆ ಬೇಕು."

"ಯಾವ ಬೋಟಿಗ್ರಿ?"

"ಮುಂಬೈದಾಗ ಒಬ್ಬರ ಹಾಯಿದೋಣಿ ಮ್ಯಾಲ ಕೆಲಸ ಮಾಡ್ತೀನ್ರಿ. ಒಳಗ ಸಣ್ಣ ಖೋಲಿ ಅದ. ಮಲಗೋರಿಗೆ ಗಾಳಿ ಆಡಂಗಿಲ್ಲ."

ಸುಳ್ಳು ಹೇಳಲು ಬಂದವನು ಇದಕ್ಕಿಂತ ಚೆಂದದ ಸುಳ್ಳು ಕಟ್ಟಿಕೊಂಡು ಬರಬಹುದಿತ್ತು ಎನಿಸಿತು ಮಹಾರುದ್ರಪ್ಪನಿಗೆ. ಸಮುದ್ರ ಎಲ್ಲಿ, ಹುಮನಾಬಾದ ಎಲ್ಲಿ? ಹೋದ ತಿಂಗಳಷ್ಟೇ ಯಾವುದೋ ಊರಿನಲ್ಲಿ ಅಧಿಕಾರಿಯೊಬ್ಬ ಗಿರಾಕಿಯ ಹಾಗೆ ಬಂದು, ಅಂಗಡಿಯನ್ನೆಲ್ಲ ಜಾಲಾಡಿ ದಂಡ ಜಡಿದು ಹೋಗಿದ್ದನಂತೆ. ಆ ಸುದ್ದಿ ಕೇಳಿದಾಗಿನಿಂದ ಅವನಿಗೆ ಹೊಸ ಮುಖ ಕಂಡರೆ ಎದೆ ಢವಢವ.

ಕಾರಣವೂ ಇತ್ತು. ಅವನ ಫ್ಯಾನುಗಳು ಹೈದರಾಬಾದಿನಿಂದ ಹೆಸರು, ಕುಲ ಏನೂ ಇಲ್ಲದೆ ಬರುತ್ತಿದ್ದವು. ಕಪಾಟಿನ ಹಿಂದೆ ಕುಳಿತ ಹೆಂಡತಿ ಮಾಣಿಕಮ್ಮ ಚೀಟಿ ಕತ್ತರಿಸಿ, ಗೋಂದು ಹಚ್ಚಿ ಅಂಟಿಸಿದ ಮೇಲೆಯೇ ಅವಕ್ಕೊಂದು ಕಂಪನಿ ಹುಟ್ಟುತ್ತಿತ್ತು. ಸೋಲಾರ್ ಬ್ಯಾಟರಿ ಬಂದು, ಹುಲಸೂರಿನಿಂದ ಕೊಡಂಬಲದ ತನಕ ಜನ ಕಡಿಮೆ ಕರೆಂಟು ತಿನ್ನುವ ಫ್ಯಾನು ಕೇಳತೊಡಗಿದಾಗ ಮಹಾರುದ್ರಪ್ಪ ಫ್ಯಾನು ಬದಲಿಸಲಿಲ್ಲ, ಚೀಟಿ ಬದಲಿಸಿದ. ಹದಿನೈದು ವಾಟ್ ಇದ್ದದ್ದು ಐದಾಯಿತು. ಮನೆಯಲ್ಲಿ ಕುಳಿತು ಅಳೆದು ನೋಡುವವರು ಯಾರಿದ್ದಾರೆ?

"ಮುಂಬೈದಾಗ ಫ್ಯಾನ್ ಸಿಗಂಗಿಲ್ಲೇನ್ರಿ?" ಎಂದು ಕೆದಕಿದ.

"ಸಿಗ್ತಾವ್ರಿ. ಆದ್ರ ಕರೆಂಟ್ ಕಡಿಮಿ ತಿನ್ನೂವು ಭಾಳ ತುಟ್ಟಿ. ತಂಗಿ ಮದುವಿಗಂತ ಊರಿಗೆ ಬಂದಿದ್ದೆ, ಅಮ್ಮ ನಿಮ್ಮಲ್ಲಿಂದ ಒಯ್ದ ಫ್ಯಾನ್ ಕಂಡ್ತು. ಮ್ಯಾಲ ಐದು ವಾಟ್ ಅಂತ ಬರ್ದದ. ಖರೇನ ಐದ ತಿಂತದೇನ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಕಂಪನಿಯವರು ಬರ್ದದ್ದು. ನಾವೇನು ಬರೀತೀವೇನ್ರಿ?" ಎಂದುಬಿಟ್ಟ ಮಹಾರುದ್ರಪ್ಪ. ಕಪಾಟಿನ ಹಿಂದೆ ಕತ್ತರಿಯ ಸದ್ದು ನಿಂತಿತು. ಅವನು ಅವಸರದಿಂದ ಬೇರೊಂದು ಡಬ್ಬಿ ತೆಗೆದ. "ಇದನ್ನ ಒಯ್ರಿ. ಅಸಲಿ ಮಾಲು. ಹದಿನೆಂಟು ವಾಟ್."

"ಬ್ಯಾಡ್ರಿ, ಬ್ಯಾಟ್ರಿ ತಡಿಯಂಗಿಲ್ಲ."

"ತಡೀದಿದ್ರ ಏನಾಗ್ತದ?"

"ಲಂಗರು ಹಾಕಿ ನಿಂತಾಗ ಕಂಬದ ತುದಿಗೆ ಬೆಳತನಕ ದೀಪ ಇರಬೇಕ್ರಿ. ಅದೂ ಅದೇ ಬ್ಯಾಟ್ರಿ ಮ್ಯಾಲ ನಡೀತದ. ಬ್ಯಾಟ್ರಿ ಕುಂತ್ರ ದೀಪ ಹೋಗ್ತದ, ಕತ್ತಲದಾಗ ದೊಡ್ಡ ಬೋಟು ಸೀದಾ ನಮ್ಮ ಮ್ಯಾಲ ಬರ್ತಾವ. ಫ್ಯಾನಿಂದು ಆವಾಜೂ ಇರಬಾರದು, ದೂರದ ಎಂಜಿನ್ ಕಿವಿಗೆ ಬೀಳಬೇಕಲ್ರಿ. ಒಳಗ ಮಾಲಕರ ಹುಡುಗೂರು ಮಲಗಿರ್ತಾವ."

ಬಸ್ಸಿನ ವೇಳೆ ಹೇಳುವಷ್ಟು ಸಲೀಸಾಗಿ ಹೇಳಿದ. ಮಹಾರುದ್ರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇದು ನಿಜವಾದರೆ, ಫ್ಯಾನು ತಿನ್ನುವುದು ಐದಲ್ಲ ಹದಿನೈದು ಎಂದು ಈಗಲೇ ಹೇಳಬೇಕು. ಸುಳ್ಳಾದರೆ, ಹಾಗೆ ಹೇಳುವುದೆಂದರೆ ಅಧಿಕಾರಿಯ ಮುಂದೆ ತಾನಾಗಿ ತಪ್ಪೊಪ್ಪಿಕೊಂಡಂತೆ. ಮಕ್ಕಳ ಹೆಸರು ತೆಗೆದು ಮನಸ್ಸು ಕರಗಿಸಿ ಬಾಯಿ ಬಿಡಿಸುವ ಹಂಚಿಕೆ ಇರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವುದೇ ಅವನಿಗೆ ಹಗುರವೆನಿಸಿತು.

"ಬಿಲ್ಲಿನ್ಯಾಗ ಐದು ವಾಟ್ ಅಂತ ಬರ್ದು ಕೊಡ್ರಿ, ಮಾಲಕರಿಗೆ ತೋರಿಸಬೇಕು," ಅಂದ ಗುಲಾಮ್ ರಸೂಲ್.

ಅಲ್ಲಿಗೆ ಮಹಾರುದ್ರಪ್ಪನ ಸಂಶಯ ಗಟ್ಟಿಯಾಯಿತು. ಜಾಣತನದಿಂದ 'ಫ್ಯಾನು, ಎರಡು' ಎಂದಷ್ಟೇ ಬರೆದ. ಬಿಲ್ಲಿಗೆ ಬೇಕೆಂದು ಗಿರಾಕಿಯ ಫೋನ್ ನಂಬರು ಬರೆಸಿಕೊಂಡ. ಗುಲಾಮ್ ರಸೂಲ್ ಬಿಲ್ಲು ಓದದೆ ಮಡಚಿ ಜೇಬಿಗಿಟ್ಟು, ಡಬ್ಬಿಗಳನ್ನು ಎದೆಗವಚಿಕೊಂಡು, ಸಂಜೆಗೆ ಮುಂಬೈ ಬಸ್ಸಿದೆ ಎನ್ನುತ್ತ ಬಸವಕಲ್ಯಾಣದ ಜೀಪು ಹತ್ತಿದ.

ಜೀಪು ಮರೆಯಾದದ್ದೇ ತಡ, ಮಹಾರುದ್ರಪ್ಪ ಆ ನಂಬರನ್ನು ತನ್ನ ಫೋನಿನಲ್ಲಿ ಹಾಕಿ ನೋಡಿದ. ವಾಟ್ಸಾಪಿನ ಫೋಟೋ ಮೂಡಿತು. ಬಿಳಿಯ ದೊಡ್ಡ ಹಾಯಿಯ ಕೆಳಗೆ ಗುಲಾಮ್ ರಸೂಲ್ ಹಗ್ಗ ಜಗ್ಗುತ್ತಿದ್ದಾನೆ. ಅವನ ಮುಂದೆ ಕಿತ್ತಳೆ ಬಣ್ಣದ ಜಾಕೀಟು ತೊಟ್ಟ ಇಬ್ಬರು ಮಕ್ಕಳು, ಒಂದಕ್ಕೆ ಮುಂದಿನ ಹಲ್ಲಿಲ್ಲ, ಬಾಯ್ತುಂಬ ನಗುತ್ತಿವೆ.

ಮಹಾರುದ್ರಪ್ಪನಿಗೆ ಹೋದ ಜೀವ ಬಂದಂತಾಯಿತು. "ಇಲ್ಲಿ ನೋಡು, ಮಾಣಿಕಮ್ಮ. ಆಫೀಸರೂ ಅಲ್ಲ, ಏನೂ ಅಲ್ಲ. ಖರೇನ ದೋಣಿಯವ. ಸುಮ್ಮನ ಅಂಜಿದ್ವಿ."

ಮಾಣಿಕಮ್ಮ ಕಪಾಟಿನ ಹಿಂದಿನಿಂದ ಎದ್ದು ಬಂದಳು. ಬೆರಳಿನ ಗೋಂದನ್ನು ಸೆರಗಿಗೆ ಒರೆಸಿಕೊಂಡು ಫೋನು ಇಸಿದುಕೊಂಡಳು. ಆ ಮಕ್ಕಳನ್ನು ಬಹಳ ಹೊತ್ತು ನೋಡಿದಳು.

"ಆಫೀಸರ್ ಆಗಿದ್ರ ಛಲೋ ಇತ್ರಿ," ಅಂದಳು. "ದಂಡ ಕಟ್ಟಿ ಪಾರಾಗ್ತಿದ್ವಿ."