ಬಾಳವ್ವ ಕೇಳಿದ ಕೋಣೆ

ಬಿಸಿಲು ಮನುಷ್ಯರನ್ನು ಸುಡತೊಡಗಿದ ಮೇಲೆ ಹಡಗೇ ಊರಾಗಿತ್ತು. ಸೂರ್ಯನಿಂದ ತಪ್ಪಿಸಿಕೊಂಡು ಅದು ಸದಾ ಮುಸ್ಸಂಜೆಯಲ್ಲೇ ಸಾಗುತ್ತಿತ್ತು. ಯಾವ ಕಿಟಕಿಯಿಂದ ಇಣುಕಿದರೂ ಅದೇ ಕೆಂಪು ಬಾನು. ವರ್ಷಕ್ಕೊಮ್ಮೆ ಕೋಣೆ ಹಂಚುವ ದಿನ ಆ ಕಿಟಕಿಗಳಿಗಾಗಿ ಜನ ಕೈಕೈ ಮಿಲಾಯಿಸುತ್ತಿದ್ದರು.

ಈ ಸಲ ಮೊದಲ ಚೀಟಿ ಎದ್ದದ್ದು ಬಾಳವ್ವನ ಹೆಸರಿಗೆ.

"ನನಗ ಒಳಗಿನ ಕೋಣಿ ಕೊಡ್ರಿ. ಕಿಟಕಿ ಇರಬಾರದು," ಎಂದಳು.

ಗಂಡ ಗುರುಬಸಪ್ಪನಿಗೆ ರೇಗಿತು. "ಹುಚ್ಚ ಹಿಡದೈತೇನ ನಿನಗ? ವರ್ಷಪೂರ್ತಿ ಗ್ವಾಡಿ ನೋಡಕೋತ ಕುಂದ್ರೂದೇನು?"

"ಹೂಂ, ಕುಂದ್ರೂದು."

ಆಕೆಯ ಮಡಿಲಲ್ಲಿ ಮೊಸರಿನ ಕುಡಿಕೆಯಿತ್ತು. ಇಡೀ ಹಡಗಿನಲ್ಲಿ ಕೆಡದೆ ಉಳಿದ ಹೆಪ್ಪು ಅದೊಂದೇ. ಹಾಲಿಗೆ ಬರವಿರಲಿಲ್ಲ, ಆದರೂ ಹೆಪ್ಪು ಕೇಳಿ ಬಂದವರನ್ನೆಲ್ಲ ಬಾಳವ್ವ ಬರಿಗೈಯಲ್ಲೇ ಕಳಿಸಿದ್ದಳು. ಹೊತ್ತು ಮುಳುಗಿದ ಮೇಲೆ ಹೆಪ್ಪು ಮನೆಯ ಹೊಸ್ತಿಲು ದಾಟಬಾರದೆಂದು ಅತ್ತೆ ಸಾಯುವಾಗ ಅವಳಿಂದ ಆಣೆ ಮಾಡಿಸಿಕೊಂಡಿದ್ದಳು. ಇವರ ಕಿಟಕಿಯಲ್ಲೋ, ಹೊತ್ತು ಯಾವಾಗಲೂ ಮುಳುಗಿಯೇ ಇರುತ್ತಿತ್ತು. ಮೊನ್ನೆ ಪಕ್ಕದ ಬೀಬಿಜಾನ್, ಜ್ವರದಿಂದ ಎದ್ದ ಮಗಳಿಗೆ ಬರೀ ಮೊಸರನ್ನವೇ ಬೇಕಂತೆ ಎಂದು ಬಂದವಳು, ಖಾಲಿ ಬಟ್ಟಲು ಹಿಡಿದು ಹಿಂತಿರುಗಿದ್ದಳು. ಆ ದಿನ ಬಾಳವ್ವನಿಗೆ ಊಟ ಸೇರಿರಲಿಲ್ಲ.

ಹೊಸ ಕೋಣೆಗೆ ಕಾಲಿಟ್ಟವಳೇ ಆಕೆ ಬೀಬಿಜಾನಳನ್ನು ಕರೆಸಿ, ಬಾಗಿಲು ಮುಚ್ಚಿದಳು.

"ನೋಡ ತಂಗಿ, ಇಲ್ಲಿ ಎಲ್ಲೆರೆ ಹೊತ್ತ ಮುಣಗಿದ್ದು ಕಾಣತೈತೇನು?"

ಬೀಬಿಜಾನ್ ನಾಲ್ಕೂ ಗೋಡೆಗಳನ್ನು ನೋಡಿದಳು. "ಇಲ್ರೀ ಅಕ್ಕಾರ."

"ಹಂಗಾರ ಹಿಡಿ ಬಟ್ಟಲಾ."