ಯಜಮಾನರ ಬಾಲ

"ಅಂದ್ರೆ ನನಗೂ 'ಯು ಆರ್', ಇವಳಿಗೂ 'ಯು ಆರ್'?" ಹೋಟೆಲಿನ ಯಜಮಾನ ಸೆಂಫೋರ್ ಅವರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿ ಕೇಳಿದರು.

"ಹೌದು ಯಜಮಾನ್ರೇ. ನೀನು ಇದ್ದೀಯ, ಯು ಆರ್. ನೀವು ಇದ್ದೀರಿ, ಅದೂ ಯು ಆರ್," ಎಂದಳು ಆಲ್ಮಾ. ಪಕ್ಕದ ಇಂಗ್ಲಿಷ್ ದ್ವೀಪ ಸೇಂಟ್ ಲೂಸಿಯಾದಿಂದ ದೋಣಿ ಹತ್ತಿ ಈ ಫ್ರೆಂಚ್ ದ್ವೀಪಕ್ಕೆ ಬಂದ ಇಂಗ್ಲಿಷ್ ಮೇಷ್ಟ್ರಮ್ಮ. ಮೀನಿನ ಬೋಂಡಾದ ದರ ಬರೆದಿದ್ದ ಹಲಗೆಯನ್ನೇ ಒರೆಸಿಕೊಂಡು ಪಾಠ ಹೇಳುತ್ತಿದ್ದಳು.

ಯಜಮಾನರು ಪಕ್ಕದಲ್ಲಿದ್ದ ಲಿಯೊಕಾದಿಯತ್ತ ಕಣ್ಣು ಹಾಯಿಸಿದರು. ಕೋಣೆ ಗುಡಿಸಿ ಹಾಸಿಗೆ ಹಾಸುವವಳು. ಅವಳಿಗೆ ಅವರು ಎಂದೂ ಬಹುವಚನ ಕೊಟ್ಟವರಲ್ಲ. ಅವಳೂ ಅವರಿಗೆ ಏಕವಚನ ಹಚ್ಚುತ್ತಿದ್ದದ್ದು ತನ್ನ ಮನೆ ಸೇರಿದ ಮೇಲೆಯೇ. ಫೋರ್ ದ ಫ್ರಾನ್ಸಿನ ಬಂದರಿಗೆ ಅಮೆರಿಕದವರ ಹಡಗು ಬರುವಷ್ಟರಲ್ಲಿ ಇಂಗ್ಲಿಷ್ ಕಲಿತರೆ ಅತಿಥಿಗಳನ್ನು ಬರಮಾಡಿಕೊಳ್ಳುವ ಮುಂಬಾಗಿಲ ಮೇಜಿನ ಕೆಲಸ ನಿನಗೇ ಎಂದು ಅವರು ಮಾತು ಕೊಟ್ಟಿದ್ದರು. ಅದು ಕೂತು ಮಾಡುವ ಕೆಲಸ. ಮೆಟ್ಟಿಲು ಹತ್ತಿ ಇಳಿದು ಮಂಡಿ ಸವೆಸಿಕೊಂಡ ಲಿಯೊಕಾದಿಗೆ ಆ ಕುರ್ಚಿಯ ಮುಂದೆ ಸ್ವರ್ಗವೂ ಸಣ್ಣದು. ಇವತ್ತಿನ ಪಾಠ ಮುಗಿದ ಮೇಲೆ ತೀರ್ಮಾನ ಆಗಬೇಕಿತ್ತು. ನಡುವೆ ಯಜಮಾನರು ತಾವೂ ಕಲಿಯಲು ಕೂತದ್ದೇ ಎಡವಟ್ಟಾಯಿತು.

"ನಮ್ಮ ಮನೆಮಾತು ಕ್ರಿಯೋಲಲ್ಲೂ ಎಲ್ಲರಿಗೂ ಒಂದೇ ಅಲ್ವಾ ಯಜಮಾನ್ರೇ," ಎಂದು ಲಿಯೊಕಾದಿ ಸಮಾಧಾನ ಹೇಳಹೋದಳು.

"ಅದಕ್ಕೇ ಅದನ್ನ ಅಡುಗೆಮನೆ ದಾಟೋಕೆ ಬಿಟ್ಟಿಲ್ಲ. ನೀನು ಬಾಲ ಬಿಚ್ಚಬೇಡ. ಅಲ್ಲಮ್ಮ ಮೇಷ್ಟ್ರಮ್ಮ, ನಮ್ಮ ಫ್ರೆಂಚಲ್ಲಿ ಕ್ರಿಯಾಪದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಬಾಲ. ಇಂಗ್ಲಿಷಿನೋರ ಹತ್ರ ಒಂದೂ ಇಲ್ವಾ?"

"ಒಂದಿದೆ. ಎಸ್. ಐ ಈಟ್, ಯು ಈಟ್, ಹಿ ಈಟ್ಸ್. ಆದ್ರೆ ಎದುರಿಗಿರೋರಿಗೆ ಅದು ಸಿಗಲ್ಲ. ಅವನು, ಅವಳು, ಅದು, ಇವಕ್ಕೆ ಮಾತ್ರ."

"ಅದು ಅಂದ್ರೆ?"

"ನಾಯಿ, ಕತ್ತೆ, ಫ್ಯಾನು."

"ನಾಯಿಗುಂಟು, ಯಜಮಾನನಿಗಿಲ್ಲ." ಯಜಮಾನರ ಮುಖ ಹುಳ್ಳಗಾಯಿತು. ಕೊಂಚ ಹೊತ್ತು ಮೀಸೆ ತಿರುವಿ ಒಂದು ದಾರಿ ಹುಡುಕಿದರು. "ಸರಿ, ದೊಡ್ಡ ಮನೆಗಳಲ್ಲಿ ಆಳುಗಳು ಯಜಮಾನನನ್ನೇ 'ಯಜಮಾನರು ಊಟ ಮಾಡ್ತಾರಾ' ಅಂತ ಕೇಳ್ತಿದ್ರಲ್ಲ, ಹಾಗೆ. ಇನ್ಮೇಲೆ ಎದುರಿಗಿದ್ರೂ ನಾನು 'ಹಿ'. ನಂಗೆ ಎಸ್ ಬೇಕೇ ಬೇಕು. ಏನೇ ಲಿಯೊಕಾದಿ, ನನ್ನ ಬಗ್ಗೆ ನಾಲ್ಕು ಮಾತು ಹೇಳು ನೋಡೋಣ. ಒಂದು ಎಸ್ ನುಂಗಿದ್ರೂ ಕುರ್ಚಿಗೆ ಬೇರೆ ಜನ ನೋಡ್ತೀನಿ."

ಫ್ರೆಂಚಿನಲ್ಲಿ ಕೊನೆಯ ಎಸ್ಸನ್ನು ಬರೆದರೂ ಉಚ್ಚರಿಸುವುದಿಲ್ಲ; ಅದನ್ನು ನುಂಗಿಯೇ ಬೆಳೆದ ನಾಲಿಗೆ ಲಿಯೊಕಾದಿಯದು. ಅವಳಿಗೆ ಗೊತ್ತಿದ್ದ ಇಂಗ್ಲಿಷಾದರೂ ಯಾವುದು? ಅತಿಥಿಗಳು ಕೋಣೆಗೆ ಕರೆದು ನಲ್ಲಿ, ಬಚ್ಚಲು, ಫ್ರಿಜ್ಜುಗಳತ್ತ ಬೆರಳು ತೋರಿಸಿ ಬೈದದ್ದಷ್ಟೆ.

"ಹಿ ಲೀಕ್ಸ್," ಎಂದಳು ನಲ್ಲಿಯನ್ನು ನೆನೆದು.

ಯಜಮಾನರು ಎಸ್ ಒಂದನ್ನೇ ಕೇಳಿಸಿಕೊಂಡು ತಲೆದೂಗಿದರು.

"ಹಿ ಸ್ಮೆಲ್ಸ್."

"ಆಹಾ. ಮುಂದೆ?"

"ಹಿ ಮೇಕ್ಸ್ ನಾಯ್ಸ್."

ಆಲ್ಮಾ ಹಲಗೆಯತ್ತ ತಿರುಗಿಕೊಂಡಳು. ಅವಳ ಭುಜಗಳು ಕುಲುಕುತ್ತಿದ್ದವು. ಅದನ್ನು ಕಂಡ ಲಿಯೊಕಾದಿಗೆ ತಾನು ಏನು ಹೇಳುತ್ತಿದ್ದೇನೆಂದು ಹೊಳೆಯಿತು. ನಾಲ್ಕನೆಯದನ್ನು ಅವಳು ಮೇಲೆ ಕೆಟ್ಟು ನಿಂತಿದ್ದ ಫ್ಯಾನು ನೋಡುತ್ತ ಶುರುಮಾಡಿ ಯಜಮಾನರನ್ನು ನೋಡುತ್ತ ಮುಗಿಸಿದಳು.

"ಹಿ ಡಸಂಟ್ ವರ್ಕ್."

"ತಡಿ ತಡಿ. ಇದರ ಕೊನೇಲಿ ಎಸ್ ಎಲ್ಲಿ?"

ಆಲ್ಮಾ ಮುಖ ಒರೆಸಿಕೊಂಡು ತಿರುಗಿದಳು. "ಇದೆ ಯಜಮಾನ್ರೇ. 'ಇಲ್ಲ' ಅನ್ನೋ ಮಾತು ಬಂದಾಗ ಎಸ್ ಕೊನೇಲಿ ನಿಲ್ಲಲ್ಲ, ಮುಂದಕ್ಕೆ ಬಂದು ಕೂರುತ್ತೆ. ಡಸ್ ಅಂದಳಲ್ಲ, ಅದೇ."

"ಮುಂದೆ ಬಂದು ಕೂರುತ್ತಾ?" ಯಜಮಾನರ ಮುಖ ಅರಳಿತು. "ಮರ್ಯಾದೆ ಅಂದ್ರೆ ಇದು. ನಾಳೆಯಿಂದ ಕುರ್ಚಿ ನಿನ್ನದು ಕಣೇ. ಬಂದ ಅಮೆರಿಕದವರಿಗೆಲ್ಲ ನನ್ನ ಪರಿಚಯ ಇದೇ ಮಾತಲ್ಲಿ ಮಾಡಿಸು."

ಅಷ್ಟಕ್ಕೇ ಬಿಡದೆ ಅವರು ಎದ್ದು ಗೋಡೆಯ ಕನ್ನಡಿಯ ಮುಂದೆ ನಿಂತರು. ಕಾಲರು ಸರಿಮಾಡಿಕೊಂಡು, ಇನ್ನೂ ಬಾರದ ಅತಿಥಿಗಳಿಗೆ ಬಾಗಿ, ಎದೆಯ ಮೇಲೆ ಕೈಯಿಟ್ಟು, ಗಂಭೀರವಾಗಿ ಹೇಳಿದರು:

"ಹಿ ಡಸಂಟ್ ವರ್ಕ್."