ಸಾವೊ ಫ್ರಾನ್ಸಿಸ್ಕೊದ ಕೊನೆಯ ದೋಣಿ

ಬ್ರೆಜಿಲಿನ ದಕ್ಷಿಣ ಕರಾವಳಿಯ ಹಳೆಯ ಬಂದರು ಸಾವೊ ಫ್ರಾನ್ಸಿಸ್ಕೊ ಇರುವ ದ್ವೀಪ ತಳದಿಂದ ಕಳಚಿಕೊಂಡು ಮೂರು ವರ್ಷವಾಗಿತ್ತು. ದಿನಕ್ಕೆ ಹತ್ತಾರು ಮಾರು ಅದು ಕಡಲೊಳಗೆ ಸರಿಯುತ್ತಿತ್ತು. ಜನ ಒಗ್ಗಿಹೋಗಿದ್ದರು; ಬೆಳಿಗ್ಗೆ ಎದ್ದವರೇ ದಡ ಎಷ್ಟು ದೂರವಾಯಿತೆಂದು ವಿಚಾರಿಸುತ್ತಿದ್ದರು. ಫೋನಿನ ತಂತಿ ಹೋದ ತಿಂಗಳೇ ಹರಿದಿತ್ತು. ನಾಳೆಯಿಂದ ಅಲೆ ದಾಟಲಾಗದೆಂದು ಇಂದೇ ಕೊನೆಯ ದೋಣಿ.

ಮೀನು ಹುರಿದು ಮಾರುವ ಜುಲ್ಮೀರಾ ಚೀಲ ಹಿಡಿದು ಎರಡು ಸಲ ದೋಣಿ ಹತ್ತಿದಳು, ಎರಡು ಸಲವೂ ಇಳಿದಳು. ಆಚೆ ದಡದಲ್ಲಿ ಮಗಳು ಜಾಸೀರಾಗೆ ದಿನ ತುಂಬಿತ್ತು.

"ನೀನೂ ಬಂದುಬಿಡು," ಎಂದಳು ಗಂಡನಿಗೆ.

"ನೀರಿನ ಪಂಪು ರಿಪೇರಿ ಬಲ್ಲವನು ನಾನೊಬ್ಬನೇ," ಎಂದ ಒಸೋರಿಯೊ. "ಇಲ್ಲಿ ಉಳಿದ ಇನ್ನೂರು ಜನ ಏನು ಕುಡಿಯಬೇಕು? ಮಗಳ ಹತ್ತಿರ ನೀನಿರಬೇಕು. ಹೋಗು."

ಅವಳು ಮತ್ತೆ ಹತ್ತಿದ್ದೇ ತಡ, ದೋಣಿಯವನು ಹಗ್ಗ ಬಿಚ್ಚಿಬಿಟ್ಟ.

ಒಸೋರಿಯೊ ಕಟ್ಟೆಯ ತುದಿಯವರೆಗೂ ಓಡಿಬಂದ. "ಮಗುವಿಗೆ ಏನು ಹೆಸರಿಡ್ತೀರಿ?"

ಆ ಮಾತನ್ನು ಯಾರೂ ಆಡಿರಲಿಲ್ಲ. ಹುಟ್ಟುವುದು ಗಂಡೋ ಹೆಣ್ಣೋ ಗೊತ್ತಿರಲಿಲ್ಲ. ಆದರೂ ಜುಲ್ಮೀರಾ ಬಾಯಿಗೆ ಬಂದ ಹೆಸರು ಕೂಗಿದಳು. ಅವನು ಕಿವಿಗೆ ಕೈಯಿಟ್ಟು ಬಾಗಿದ. ಅವಳ ದನಿ ಒಡೆಯಿತು.

ಆಗ ದೋಣಿಯಲ್ಲಿದ್ದವರೆಲ್ಲ ಎದ್ದು ನಿಂತು ಒಟ್ಟಿಗೆ ಕೂಗಿದರು: "ಬೆನೆದೀತಾ!"

ದೂರದಲ್ಲಿ ಒಸೋರಿಯೊ ಎರಡೂ ಕೈ ಎತ್ತಿದ.